50 ಸಾವಿರ, ಎರಡು ಸಲ

ಈ ಸಲ, 2022ರ ಫೆಬ್ರುವರಿಯಲ್ಲಿ, ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೊರೊನಾ ಬಗ್ಗೆಯೇ ಇವೆ. ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ರಾಜಾಜಿನಗರದ ಒಂದು ಕನ್ನಡ ಶಾಲೆಯಲ್ಲಿ 26 ವರ್ಷದಿಂದ ಪಿ.ಟಿ. ಟೀಚರ್. ಹೋದ ವರ್ಷ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ನನ್ನನ್ನೂ ಶಾಲೆಯ ಇನ್ನೂ ಮೂವರನ್ನೂ ಕೋವಿಡ್ ವಾರ್ ರೂಮ್ ಡ್ಯೂಟಿಗೆ ಹಾಕಿದ್ದರು. ಪಾಸಿಟಿವ್ ಬಂದವರ ಪಟ್ಟಿ ಕೈಗೆ ಬರುತ್ತಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ಜ್ವರ ಇದೆಯಾ, ಆಕ್ಸಿಜನ್ ಎಷ್ಟು ತೋರಿಸ್ತಿದೆ, ಮನೆಯಲ್ಲಿ ಬೇರೆ ಕೋಣೆ ಇದೆಯಾ ಅಂತ ಕೇಳಿ ಬರೆದುಕೊಳ್ಳಬೇಕಿತ್ತು. ಆ ಫೋನುಗಳಲ್ಲಿ ಕೇಳಿದ್ದು, ಮೈದಾನದಲ್ಲಿ ನೋಡಿದ್ದು, ಎರಡನ್ನೂ ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಜನವರಿ 23ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರ ಕೇಸು ಅಂತ ಟಿವಿಯಲ್ಲಿ ಬಂತು. ಹೋದ ವರ್ಷ ಮೇ ತಿಂಗಳಲ್ಲೂ ಇಷ್ಟೇ ಇತ್ತು. ಆಗ ನಮ್ಮ ರಸ್ತೆಯಲ್ಲಿ ಆಂಬುಲೆನ್ಸ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ಈಗ ನಮ್ಮ ಮನೆಯವರು ‘ಇದು ಬರೀ ನೆಗಡಿ, ಸುಮ್ನಿರು’ ಅಂತಾರೆ. ಅತ್ತೆಗೆ ಬಿಪಿ, ಶುಗರ್ ಇದೆ. ನನಗೆ ನಿದ್ದೆ ಬರುತ್ತಿಲ್ಲ. ಯಾರ ಮಾತು ನಂಬಲಿ?
— ಗೃಹಿಣಿ, ಹನುಮಂತನಗರ

ಉತ್ತರ: ನಿಮ್ಮ ಭಯ ಸುಳ್ಳಲ್ಲ ತಾಯಿ. ಆ ಮೇ ತಿಂಗಳನ್ನು ನೋಡಿದ ಯಾರಿಗೂ 50 ಸಾವಿರ ಅನ್ನೋ ಸಂಖ್ಯೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನನಗೂ ಅಷ್ಟೇ. ಅವತ್ತು ಭಾನುವಾರ, ಟಿವಿ ಆರಿಸಿ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತುಬಿಟ್ಟೆ. ಆಮೇಲೆ ಹಳೆಯ ನೋಟ್‌ಬುಕ್ ತೆಗೆದು ಎರಡೂ ದಿನದ ಲೆಕ್ಕವನ್ನು ಪಕ್ಕಪಕ್ಕ ಬರೆದೆ.

2021ರ ಮೇ 5ರಂದು ರಾಜ್ಯದಲ್ಲಿ 50,112 ಹೊಸ ಕೇಸು, 346 ಸಾವು. ಈ ಜನವರಿ 23ರಂದು 50,210 ಕೇಸು, 19 ಸಾವು. ಬೆಂಗಳೂರು ನಗರದಲ್ಲಿ ಆಗ 23,106 ಕೇಸು. ಈಗ ಅದಕ್ಕಿಂತ ಜಾಸ್ತಿಯೇ, 26,299. ಆದರೆ ನಗರದಲ್ಲಿ ಆಗ ಸತ್ತವರು 161, ಈಗ 8.

ನಮ್ಮ ಹುಡುಗರು ಮ್ಯಾಚ್ ಮುಗಿಸಿ ಬಂದು ‘ಮಿಸ್, 120 ಹೊಡೆದ್ವಿ’ ಅಂತಾರೆ. ಎಷ್ಟು ಓವರ್‌ನಲ್ಲಿ ಅಂತ ಕೇಳ್ತೀನಿ. ಎಷ್ಟು ವಿಕೆಟ್ ಹೋಯ್ತು ಅಂತಲೂ ಕೇಳ್ತೀನಿ. ಕೇಸಿನ ಸಂಖ್ಯೆಗೂ ಹಾಗೇ ಕೇಳಬೇಕು. ಮೇ 5ರಂದು ಪರೀಕ್ಷೆ ಆಗಿದ್ದು ಸುಮಾರು 1 ಲಕ್ಷ 55 ಸಾವಿರ. ನೂರಕ್ಕೆ 32 ಪಾಸಿಟಿವ್. ಜನವರಿ 23ರಂದು ಸುಮಾರು 2 ಲಕ್ಷ 20 ಸಾವಿರ ಪರೀಕ್ಷೆ, ನೂರಕ್ಕೆ ಹತ್ತಿರ ಹತ್ತಿರ 23. ಅಂದರೆ ಮೇ ತಿಂಗಳಲ್ಲಿ ನಮ್ಮ ಲೆಕ್ಕಕ್ಕೆ ಸಿಗದೆ ಉಳಿದವರು ಬಹಳ ಜನ ಇದ್ದರು. ಪಟ್ಟಿಯಲ್ಲಿದ್ದ ಒಬ್ಬರಿಗೆ ಫೋನ್ ಮಾಡಿದರೆ ‘ಮನೇಲಿ ಐದೂ ಜನಕ್ಕೆ ಜ್ವರ ಮೇಡಂ, ಟೆಸ್ಟ್ ಮಾಡಿಸಿದ್ದು ನಾನೊಬ್ಬನೇ’ ಅನ್ನೋರು. ಆ ಮಾತನ್ನು ನಾನು ದಿನಕ್ಕೆ ಹತ್ತು ಸಲ ಕೇಳಿದ್ದೇನೆ.

ಇನ್ನೊಂದು ವಿಷಯವನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಸಾವಿನ ಲೆಕ್ಕ ಕೇಸಿನ ಲೆಕ್ಕದ ಜೊತೆ ನಡೆಯುವುದಿಲ್ಲ, ಎರಡು ಮೂರು ವಾರ ಹಿಂದೆ ಬರುತ್ತದೆ. ಜ್ವರ ಬಂದು ಒಂದು ವಾರ ಹತ್ತು ದಿನಕ್ಕೆ ಉಸಿರು ಕಟ್ಟಲು ಶುರು. ಆಮೇಲೆ ಆಸ್ಪತ್ರೆ, ಐಸಿಯು. ಹೋದ ವರ್ಷ ಮೇ 23ರಂದು ಕೇಸು ಸುಮಾರು 26 ಸಾವಿರಕ್ಕೆ ಇಳಿದಿತ್ತು. ಎಲ್ಲರೂ ಉಸ್ಸಪ್ಪಾ ಅಂದರು. ಅವತ್ತೇ 626 ಸಾವು ವರದಿಯಾಯಿತು. ಕೇಸು ಅರ್ಧ ಆಗಿತ್ತು, ಸಾವು ಹತ್ತಿರ ಹತ್ತಿರ ದುಪ್ಪಟ್ಟು. ಅದಕ್ಕೇ 19 ಅನ್ನೋ ಸಂಖ್ಯೆ ನೋಡಿ ನಾನು ಅವತ್ತೇ ಸಮಾಧಾನ ಪಡಲಿಲ್ಲ. ಆಮೇಲಿನ ವಾರ ಅದು 50 ದಾಟಿತು ಕೂಡ. ಆದರೂ ಹೋದ ವರ್ಷದ ಹತ್ತಿರಕ್ಕೂ ಹೋಗಲಿಲ್ಲ. ಈಗ ಕೇಸೂ ಇಳಿಯುತ್ತಿದೆ.

ಯಾಕೆ ಹೀಗೆ? ದೊಡ್ಡ ಕಾರಣ ಲಸಿಕೆ. ಹೋದ ಮೇ ಮೊದಲ ವಾರ 45 ದಾಟದವರಿಗೆ ಇಲ್ಲಿ ಲಸಿಕೆ ಸರಿಯಾಗಿ ಶುರುವೇ ಆಗಿರಲಿಲ್ಲ. ಈಗ ದೊಡ್ಡವರಲ್ಲಿ ಬಹುತೇಕ ಎಲ್ಲರೂ ಕನಿಷ್ಠ ಒಂದು ಡೋಸ್ ಹಾಕಿಸಿಕೊಂಡಿದ್ದಾರೆ. ಈಗ ಹರಡುತ್ತಿರುವ ಒಮಿಕ್ರಾನ್ ಶ್ವಾಸಕೋಶಕ್ಕಿಂತ ಮೂಗು ಗಂಟಲಲ್ಲೇ ಜಾಸ್ತಿ ಬೆಳೆಯುತ್ತದೆ. ದೇಶದ ಮೊದಲ ಎರಡು ಒಮಿಕ್ರಾನ್ ಕೇಸು ಡಿಸೆಂಬರ್ 2ರಂದು ಗೊತ್ತಾದದ್ದು ನಮ್ಮ ಬೆಂಗಳೂರಲ್ಲೇ, ಅಲ್ವಾ. ಎರಡು ತಿಂಗಳೊಳಗೆ ಮನೆಮನೆಗೂ ಬಂತು.

ಆದರೆ ‘ಬರೀ ನೆಗಡಿ’ ಅನ್ನೋದನ್ನು ನಾನು ಒಪ್ಪುವುದಿಲ್ಲ. 30 ವರ್ಷದ ಗಟ್ಟಿಮುಟ್ಟಾದ, ಎರಡು ಡೋಸ್ ಆದವರಿಗೆ ಅದು ನೆಗಡಿ ಇರಬಹುದು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವ ವಯಸ್ಸಾದವರಿಗೆ, ಲಸಿಕೆಯನ್ನೇ ಹಾಕಿಸಿಕೊಳ್ಳದವರಿಗೆ ಅಲ್ಲ. ಅತ್ತೆಗೆ ಬಿಪಿ, ಶುಗರ್ ಇದೆ ಅಂತ ಬರೆದಿದ್ದೀರಿ. 60 ದಾಟಿ ಇಂಥ ಕಾಯಿಲೆ ಇರುವವರಿಗೆ ಜನವರಿ 10ರಿಂದ ಮೂರನೇ ಡೋಸ್ ಕೊಡುತ್ತಿದ್ದಾರೆ. ಎರಡನೇ ಡೋಸ್ ಆಗಿ ಒಂಬತ್ತು ತಿಂಗಳಾಗಿದ್ದರೆ ಈ ವಾರವೇ ಕರೆದುಕೊಂಡು ಹೋಗಿ. ಅದಾದ ಮೇಲೆ ರಾತ್ರಿ ಸುದ್ದಿ ನೋಡುವುದನ್ನು ಬಿಟ್ಟು ಮಲಗಿ.

ಪ್ರಶ್ನೆ: ನನಗೆ 19 ವರ್ಷ. ಫುಟ್‌ಬಾಲ್ ಆಡ್ತೀನಿ. ಜನವರಿ 14ಕ್ಕೆ ಪಾಸಿಟಿವ್ ಬಂತು. ಮೂರು ದಿನ ಜ್ವರ, ಕೆಮ್ಮು. ಏಳು ದಿನ ಮನೆಯಲ್ಲೇ ಇದ್ದು ಮುಗಿಸಿದೆ. ಈಗ ಆರಾಮಾಗಿದ್ದೀನಿ, ಆದರೆ ಮೂರನೇ ಮಹಡಿ ಹತ್ತಿದರೆ ಎದೆ ಡವಡವ ಅನ್ನುತ್ತೆ. ಕೋಚ್ ಪ್ರಾಕ್ಟೀಸ್‌ಗೆ ಬಾ ಅಂತಿದ್ದಾರೆ. ಹೋಗಲಾ?
— ಆಸ್ಟಿನ್ ಟೌನ್

ಉತ್ತರ: ಬೇಡ ಕಣಪ್ಪ. ಈಗಲೇ ಬೇಡ.

ಏಳು ದಿನ ಮನೆಯಲ್ಲಿರಬೇಕು, ಕೊನೆಯ ಮೂರು ದಿನ ಜ್ವರ ಇರಬಾರದು. ಈ ಲೆಕ್ಕ ಇನ್ನೊಬ್ಬರಿಗೆ ಅಂಟಿಸಬಾರದು ಅಂತ ಮಾಡಿದ್ದು. ನೀನು 90 ನಿಮಿಷ ಓಡಬಹುದು ಅಂತ ಅದು ಹೇಳುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ಎಷ್ಟೋ ಹುಡುಗರು ಎಂಟನೇ ದಿನಕ್ಕೆ ಮೈದಾನಕ್ಕೆ ಇಳಿಯುತ್ತಾರೆ.

ಎದೆ ಡವಡವ ಅನ್ನುತ್ತೆ ಅಂದೆಯಲ್ಲ, ಅದನ್ನು ಹಗುರವಾಗಿ ತಗೋಬೇಡ. ಕೊರೊನಾ ಬಂದು ಹೋದ ಕೆಲವರಲ್ಲಿ ಹೃದಯದ ಸ್ನಾಯುವಿಗೆ ಊತ ಬರುತ್ತದೆ. ಅಪರೂಪ, ನಿಜ. ಆದರೆ ಊತ ಇರುವಾಗ ಜೋರಾಗಿ ಓಡಿದರೆ ಹೃದಯದ ಬಡಿತದ ತಾಳ ತಪ್ಪಬಹುದು. ಮೊದಲು ಡಾಕ್ಟರ್ ಹತ್ತಿರ ಹೋಗಿ ಮೂರನೇ ಮಹಡಿ ವಿಷಯ ಹೇಳು. ಇಸಿಜಿ ಮಾಡಿಸು. ನಡೆಯುವಾಗ ಎದೆ ನೋವು, ತಲೆ ಸುತ್ತು ಬಂದರೆ ನಾಳೆ ನೋಡೋಣ ಅನ್ನಬೇಡ, ಅವತ್ತೇ ಹೋಗು.

ಮನೆಯಲ್ಲಿ ಆಕ್ಸಿಮೀಟರ್ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಮೊದಲು ಕೂತು ಬೆರಳಿಗೆ ಹಾಕಿ ಸಂಖ್ಯೆ ಬರೆದಿಟ್ಟುಕೋ. ಆರು ನಿಮಿಷ ಸಮತಟ್ಟಾದ ಕಡೆ ನಡಿ. ಓಡಬೇಡ. ಮತ್ತೆ ನೋಡು. 93ಕ್ಕಿಂತ ಕೆಳಗೆ ಬಂದರೆ, ಅಥವಾ ಮೊದಲಿಗಿಂತ ಮೂರು ನಾಲ್ಕು ಅಂಕಿ ಇಳಿದರೆ, ಮೈದಾನದ ಯೋಚನೆ ಬಿಟ್ಟು ಡಾಕ್ಟರಿಗೆ ತೋರಿಸು.

ಎಲ್ಲ ಸರಿ ಅಂದ ಮೇಲೂ ಒಂದೇ ಸಲ ಮ್ಯಾಚ್ ಬೇಡ. ಮೊದಲ ನಾಲ್ಕೈದು ದಿನ ಬರೀ ನಡಿಗೆ. ಪಕ್ಕದವನ ಜೊತೆ ಮಾತಾಡ್ತಾ ನಡೆಯೋಕೆ ಆಗಬೇಕು. ಆಮೇಲೆ ನಿಧಾನದ ಓಟ, 15 ನಿಮಿಷ. ಆಮೇಲೆ ಒಬ್ಬನೇ ಚೆಂಡಿನ ಜೊತೆ. ಕೊನೆಗೆ ತಂಡದ ಜೊತೆ. ಯಾವುದಾದರೂ ದಿನ ಮಾರನೇ ಬೆಳಗ್ಗೆ ಎದ್ದಾಗ ಮೈ ಸೋತಂತೆ ಅನಿಸಿದರೆ ಒಂದು ಹೆಜ್ಜೆ ಹಿಂದೆ ಬಾ. ಹೋದ ಜೂನ್‌ನಲ್ಲಿ ನಮ್ಮ ಶಾಲೆಯ ಹಳೇ ಹುಡುಗನೊಬ್ಬ ಇಷ್ಟು ತಾಳ್ಮೆ ಇಲ್ಲದೆ 400 ಮೀಟರ್ ಓಡಿ ಟ್ರ್ಯಾಕ್ ಪಕ್ಕದಲ್ಲೇ ಕುಸಿದ. ನಾನು ಅಲ್ಲೇ ಇದ್ದೆ. ಅವನು ಉಳಿದುಕೊಂಡ. ಆದರೆ ಆ ಇಡೀ ಸೀಸನ್ ಹೋಯಿತು.

ನಿಧಾನ ಮಾಡಿದರೆ ತಂಡದಲ್ಲಿ ಜಾಗ ಹೋಗುತ್ತೆ ಅಂತ ನಿನಗೆ ಭಯ ಇರುತ್ತೆ. ನಮ್ಮ ಊರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿದ್ದ ಹಾಕಿ ತಂಡಗಳನ್ನೇ ನೋಡು. 2020ರ ಆಗಸ್ಟ್‌ನಲ್ಲಿ ಪುರುಷರ ತಂಡದ ನಾಯಕ ಮನ್‌ಪ್ರೀತ್ ಸಿಂಗ್ ಸೇರಿ ಆರು ಜನಕ್ಕೆ ಪಾಸಿಟಿವ್ ಬಂತು. 2021ರ ಏಪ್ರಿಲ್‌ನಲ್ಲಿ ಮಹಿಳಾ ತಂಡದ ನಾಯಕಿ ರಾಣಿ ರಾಂಪಾಲ್ ಸೇರಿ ಏಳು ಆಟಗಾರ್ತಿಯರಿಗೆ ಬಂತು. ಒಲಿಂಪಿಕ್ಸ್‌ಗೆ ಮೂರೇ ತಿಂಗಳು ಇತ್ತು. ಆದರೂ ಟೋಕಿಯೊದಲ್ಲಿ ಗಂಡಸರು ಕಂಚು ತಂದರು, ಹೆಣ್ಣುಮಕ್ಕಳು ನಾಲ್ಕನೇ ಸ್ಥಾನಕ್ಕೆ ಬಂದರು. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್‌ಗೂ ಒಲಿಂಪಿಕ್ಸ್‌ಗೆ ಮೊದಲು ಕೊರೊನಾ ಬಂದು ಹೋಗಿತ್ತು. ಹೊಡೆತದ ದೂರ ಕಮ್ಮಿಯಾಗಿತ್ತು. ಆ ಹುಡುಗಿಗೆ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಕೋಚ್‌ಗೆ ಈ ಉತ್ತರ ತೋರಿಸು. ಅವರಿಗೂ ನೀನು ಮುಂದಿನ ಹತ್ತು ವರ್ಷ ಆಡೋದು ಬೇಕು.

ಪ್ರಶ್ನೆ: ನಮ್ಮ ಕ್ಲಬ್‌ನಲ್ಲಿ ಚೆಂಡಿಗೆ ಎಂಜಲು ಹಚ್ಚಿದ್ದಕ್ಕೆ ಅಂಪೈರ್ ಬೈದರು. ಇದು ಇನ್ನೂ ರೂಲಾ?
— ಮಧ್ಯಮ ವೇಗಿ, ಬಸವನಗುಡಿ

ಉತ್ತರ: ಹೌದು, ರೂಲೇ. 2020ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಸಮಿತಿ ಎಂಜಲು ಬೇಡ ಅಂತ ಶಿಫಾರಸು ಮಾಡಿತು. ಜೂನ್‌ನಲ್ಲಿ ಜಾರಿಗೆ ಬಂತು. ಆಗಿನ ನಿಯಮದಂತೆ ಒಂದು ಇನಿಂಗ್ಸ್‌ನಲ್ಲಿ ಎರಡು ಸಲ ಎಚ್ಚರಿಕೆ, ಮೂರನೇ ಸಲ ಎದುರಾಳಿಗೆ 5 ರನ್. ಬೆವರು ಹಚ್ಚಬಹುದು. ಬೆಂಗಳೂರಿನ ಫೆಬ್ರುವರಿ ಬಿಸಿಲಿಗೆ ಬೆವರು ಬೇಕಾದಷ್ಟು ಸಿಗುತ್ತೆ.

ಪ್ರಶ್ನೆ: ಹೋಮ್ ಕಿಟ್‌ನಲ್ಲಿ ನೋಡಿದೆವು. ಮೂವರಿಗೂ ಪಾಸಿಟಿವ್. ಯಾರಿಗೂ ಹೇಳದೆ ಒಂದು ವಾರ ಒಳಗೇ ಇದ್ದೆವು. ತಪ್ಪು ಮಾಡಿದೆವಾ?
— ನಿವೃತ್ತ ಬ್ಯಾಂಕ್ ನೌಕರ, ವಿಜಯನಗರ

ಉತ್ತರ: ಒಳಗೇ ಇದ್ದಿದ್ದು ಸರಿ. ಹೇಳದೇ ಇದ್ದಿದ್ದು ಸರಿಯಲ್ಲ ಸಾರ್. ನಿಮ್ಮ ಹಿಂಜರಿಕೆ ನನಗೆ ಅರ್ಥ ಆಗುತ್ತದೆ. 2020ರಲ್ಲಿ ಪಾಸಿಟಿವ್ ಬಂದ ಮನೆಯ ಮುಂದೆ ಸೀಲ್‌ಡೌನ್ ಅಂತ ಅಡ್ಡ ಕಟ್ಟಿ, ಗೇಟಿಗೆ ನೋಟಿಸ್ ಅಂಟಿಸುತ್ತಿದ್ದರು. ಹಾಲಿನವನೂ ಆ ಮನೆ ಕಡೆ ತಿರುಗುತ್ತಿರಲಿಲ್ಲ. ಅದನ್ನು ಯಾರೂ ಮರೆತಿಲ್ಲ. ಆದರೆ ಈಗ ಹಾಗೆ ಮಾಡುತ್ತಿಲ್ಲ. ಕಿಟ್ ಡಬ್ಬಿಯ ಮೇಲೇ ಆ್ಯಪ್ ವಿವರ ಇರುತ್ತದೆ. ಫಲಿತಾಂಶ ಅದರಲ್ಲಿ ಹಾಕಿ. ಯಾವ ಬಡಾವಣೆಯಲ್ಲಿ ಜಾಸ್ತಿ ಇದೆ, ಎಲ್ಲಿ ಬೆಡ್ ತಯಾರಿರಬೇಕು ಅನ್ನೋದು ಈ ಲೆಕ್ಕದಿಂದಲೇ ಗೊತ್ತಾಗಬೇಕು. ಇನ್ನೊಂದು ಮಾತು. ಜ್ವರ, ಕೆಮ್ಮು ಇದ್ದೂ ಕಿಟ್ ನೆಗೆಟಿವ್ ತೋರಿಸಿದರೆ ಅದನ್ನು ನಂಬಬೇಡಿ. ಆರ್‌ಟಿ-ಪಿಸಿಆರ್ ಮಾಡಿಸಿ.

ಪ್ರಶ್ನೆ: ಪ್ರೊ ಕಬಡ್ಡಿ ನಮ್ಮ ವೈಟ್‌ಫೀಲ್ಡ್‌ನಲ್ಲೇ ನಡೀತಿದೆ. ಮನೆಯಿಂದ ಎರಡು ಕಿಲೋಮೀಟರ್. ಆದರೂ ಬೆಂಗಳೂರು ಬುಲ್ಸ್ ಆಟ ಟಿವಿಯಲ್ಲಿ ನೋಡಬೇಕು. ಮಾಲ್‌ಗೆ ಜನ ಬಿಡ್ತಾರೆ, ಕಬಡ್ಡಿಗೆ ಯಾಕೆ ಬಿಡಲ್ಲ?
— ಕಬಡ್ಡಿ ಅಭಿಮಾನಿ, ವರ್ತೂರು

ಉತ್ತರ: ನಿಮ್ಮ ಸಂಕಟ ನನ್ನದೂ ಹೌದು. ನಾನು ಕಾಲೇಜಲ್ಲಿ ಕಬಡ್ಡಿ ಆಡಿದವಳು. ಡಿಸೆಂಬರ್ 22ರಿಂದ 12 ತಂಡಗಳು ಒಂದೇ ಜಾಗದಲ್ಲಿ, ಪ್ರೇಕ್ಷಕರಿಲ್ಲದೆ ಆಡುತ್ತಿವೆ. ಆಟಗಾರರನ್ನು ಅಷ್ಟು ಭದ್ರವಾಗಿ ಇಟ್ಟುಕೊಂಡರೂ ಜನವರಿಯಲ್ಲಿ ಎರಡು ತಂಡಗಳಿಗೆ 12 ಆಟಗಾರರನ್ನು ಇಳಿಸಲು ಆಗದೆ ವೇಳಾಪಟ್ಟಿಯನ್ನೇ ಬದಲಾಯಿಸಬೇಕಾಯಿತು.

ಕಬಡ್ಡಿ ಎಂಥ ಆಟ ಯೋಚನೆ ಮಾಡಿ. ರೈಡರ್ ಉಸಿರು ಬಿಗಿಹಿಡಿದು ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ ಏಳು ಜನರ ಮುಖದ ಮುಂದೆ ಹೋಗಬೇಕು. ನಾಲ್ಕು ಜನ ಮೇಲೆ ಬಿದ್ದು ಹಿಡಿಯುತ್ತಾರೆ. ಒಬ್ಬನಿಗೆ ಇದ್ದರೆ ಎಲ್ಲರಿಗೂ ಬಂತು. ಇನ್ನು ಪ್ರೇಕ್ಷಕರು. ಮಾಲ್‌ನಲ್ಲಿ ಜನ ನಡೆದು ಹೋಗ್ತಾರೆ. ಒಳಾಂಗಣದಲ್ಲಿ ಎರಡು ಗಂಟೆ ಒಂದೇ ಕಡೆ ಕೂತು ಗಂಟಲು ಹರಿಯುವಂತೆ ಕೂಗ್ತಾರೆ. ಸುಮ್ಮನೆ ಉಸಿರಾಡುವವನಿಗಿಂತ ಕೂಗುವವನ ಬಾಯಿಂದ ವೈರಸ್ ಎಷ್ಟೋ ಪಾಲು ಜಾಸ್ತಿ ಹೊರಗೆ ಬರುತ್ತದೆ. ಕೂಗದೆ ಕಬಡ್ಡಿ ನೋಡು ಅಂದರೆ ನನ್ನ ಕೈಲಂತೂ ಆಗಲ್ಲ.

ಹೋದ ವರ್ಷದ ಐಪಿಎಲ್ ನೆನಪಿದೆಯಾ? ಪ್ರೇಕ್ಷಕರಿಲ್ಲದೆ, ಹೊರಗಿನವರ ಸಂಪರ್ಕವಿಲ್ಲದ ಬಯೋಬಬಲ್‌ನೊಳಗೆ ನಡೆಯುತ್ತಿತ್ತು. ಮೇ 3ರಂದು ಆರ್‌ಸಿಬಿ, ಕೋಲ್ಕತ್ತ ಪಂದ್ಯ ಇತ್ತು. ಅವತ್ತು ಸಂಜೆ ನಾನು ಒಬ್ಬರಿಗೆ ಫೋನ್ ಮಾಡಿದೆ. ಆಕ್ಸಿಜನ್ 91 ಅಂದರು. ಬೆಡ್‌ಗೆ ಬರೆಸಿದ್ದೇನೆ, ಫೋನ್ ಕೈಯಲ್ಲೇ ಇಟ್ಟುಕೊಳ್ಳಿ ಅಂದೆ. ಅವರು ಏದುಸಿರಲ್ಲೇ ‘ಮೇಡಂ, ಇವತ್ತು ಮ್ಯಾಚ್ ಇದೆಯಾ?’ ಅಂತ ಕೇಳಿದರು. ಕೋಲ್ಕತ್ತದ ಇಬ್ಬರಿಗೆ ಪಾಸಿಟಿವ್ ಬಂದು ಪಂದ್ಯ ಮುಂದಕ್ಕೆ ಹೋಗಿತ್ತು. ಹಾಗೇ ಹೇಳಿದೆ. ‘ಅಯ್ಯೋ’ ಅಂದರು. ಮಾರನೇ ದಿನ ಇಡೀ ಟೂರ್ನಿಯೇ ನಿಂತಿತು. ಅವರಿಗೆ ಅವತ್ತು ರಾತ್ರಿ ಬೆಡ್ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ದುಬೈಯಲ್ಲಿ ಆಟ ಮತ್ತೆ ಶುರುವಾದಾಗ ಅದೇ ನಂಬರಿನಿಂದ ನನಗೆ ಫೋನ್ ಬಂತು. ‘ಮ್ಯಾಚ್ ಇದೆ ಮೇಡಂ’ ಅಂದರು ಅಷ್ಟೇ. ಈ ತಿಂಗಳ ಮಟ್ಟಿಗೆ ಟಿವಿಯಲ್ಲೇ ನೋಡಿ ಸಾರ್. ಮುಂದಿನ ಸೀಸನ್‌ಗೆ ಬಾಗಿಲು ತೆಗೆದರೆ ನಾನೂ ಬರುತ್ತೇನೆ.

ಪ್ರಶ್ನೆ: ನಮ್ಮಪ್ಪ ಆಟೊ ಓಡಿಸುತ್ತಿದ್ದರು. ಹೋದ ಮೇ ತಿಂಗಳಲ್ಲಿ ಬೆಡ್‌ಗಾಗಿ ಕಾಯುತ್ತಾ ಮನೆಯಲ್ಲೇ ತೀರಿಕೊಂಡರು. ಪಾಸಿಟಿವ್ ರಿಪೋರ್ಟ್ ಬಂದಿದ್ದು ಎರಡು ದಿನ ಆದ ಮೇಲೆ. ದಿನಾ ಹೇಳುವ ಆ ಸಾವಿನ ಲೆಕ್ಕದಲ್ಲಿ ನಮ್ಮಪ್ಪ ಇದ್ದಾರಾ? ಆಸ್ಪತ್ರೆಯಲ್ಲಿ ಸಾಯದವರಿಗೆ ಪರಿಹಾರ ಇಲ್ಲ ಅಂತ ಪಕ್ಕದ ಮನೆಯವರು ಹೇಳ್ತಾರೆ. ನಿಜಾನಾ?
— ಲಗ್ಗೆರೆ

ಉತ್ತರ: ಮಗಳೇ, ನಿನ್ನ ಪತ್ರವನ್ನು ಮೂರು ಸಲ ಓದಿದೆ.

ಮೊದಲು ಪರಿಹಾರದ ವಿಷಯ. ಪಕ್ಕದ ಮನೆಯವರ ಮಾತು ತಪ್ಪು. ಪಾಸಿಟಿವ್ ಬಂದ ಪರೀಕ್ಷೆಯಾದ 30 ದಿನದೊಳಗೆ ತೀರಿಕೊಂಡರೆ ಅದು ಕೋವಿಡ್ ಸಾವೇ. ಮನೆಯಲ್ಲಿ ಆಗಿದ್ದರೂ ಅಷ್ಟೇ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿ ಆದೇಶ ಕೊಟ್ಟಿದೆ. ಕುಟುಂಬಕ್ಕೆ 50 ಸಾವಿರ ರೂಪಾಯಿ ಕೊಡಬೇಕು. ಬಿಪಿಎಲ್ ಕುಟುಂಬದಲ್ಲಿ ದುಡಿಯುವವರು ತೀರಿಕೊಂಡಿದ್ದರೆ ರಾಜ್ಯ ಸರ್ಕಾರ ಅದರ ಜೊತೆಗೆ 1 ಲಕ್ಷ ಕೊಡುತ್ತದೆ. ರಿಪೋರ್ಟ್ ತಡವಾಗಿ ಬಂದದ್ದು ನಿಮ್ಮ ತಪ್ಪಲ್ಲ. ಅದರ ಮೇಲೆ ಸ್ಯಾಂಪಲ್ ತೆಗೆದ ದಿನ ಇರುತ್ತದೆ, ಆ ದಿನ ಮುಖ್ಯ. ಮರಣ ಪತ್ರ, ಆ ರಿಪೋರ್ಟ್, ಅಪ್ಪನ ಆಧಾರ್, ರೇಷನ್ ಕಾರ್ಡ್, ಅಮ್ಮನ ಬ್ಯಾಂಕ್ ಪಾಸ್‌ಬುಕ್, ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿ ತಹಶೀಲ್ದಾರ್ ಕಚೇರಿಗೆ ಹೋಗಿ ಕೇಳು. ಅಪ್ಪನ ಹೆಸರಿಗೆ ಬಿ.ಯು. ನಂಬರ್ (ನಗರದಲ್ಲಿ ಪಾಸಿಟಿವ್ ಬಂದವರಿಗೆ ಕೊಡುತ್ತಿದ್ದ ನಂಬರ್) ಮೆಸೇಜ್ ಬಂದಿದ್ದರೆ ಅದನ್ನೂ ಬರೆದುಕೊಂಡು ಹೋಗು. ಮರಣ ಪತ್ರದಲ್ಲಿ ಕೋವಿಡ್ ಅಂತ ಇಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ, ಅದನ್ನು ತೀರ್ಮಾನಿಸೋಕೆ ಜಿಲ್ಲಾ ಮಟ್ಟದ ಸಮಿತಿ ಇದೆ. ಅಲ್ಲಿಗೆ ಅರ್ಜಿ ಕೊಡು. ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ತಗೊಳ್ಳದೆ ಬರಬೇಡ.

ಇನ್ನು ನೀನು ಕೇಳಿದ ಇನ್ನೊಂದು ಮಾತು. ಎಲ್ಲಾ ಮನೆ ಸಾವುಗಳೂ ಅವತ್ತವತ್ತಿನ ಪಟ್ಟಿಗೆ ಬರಲಿಲ್ಲ. ಕೆಲವು ವಾರಗಟ್ಟಲೆ ತಡವಾಗಿ ಸೇರಿದವು. ಅರ್ಜಿ ಕೊಟ್ಟಾಗ ಅಪ್ಪನ ಹೆಸರು ಸೇರಿದೆಯಾ ಅಂತ ಅಲ್ಲೇ ಕೇಳು. ಕೇಳುವುದು ನಿನ್ನ ಹಕ್ಕು.

ಆ ಮೇ ತಿಂಗಳ ಒಂದು ಬೆಳಗ್ಗೆ ನಾನು ಪಟ್ಟಿಯಲ್ಲಿದ್ದ ಒಂದು ನಂಬರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು. ‘ಅಪ್ಪಂಗೆ ಆಕ್ಸಿಜನ್ ಎಷ್ಟಿದೆಯಮ್ಮಾ?’ ಅಂದೆ. ‘ಅಪ್ಪ ಬೆಳಗ್ಗೆ ನಾಲ್ಕು ಗಂಟೆಗೆ ಹೋಗಿಬಿಟ್ರು ಆಂಟಿ’ ಅಂದಳು. ನನ್ನ ಮುಂದಿದ್ದ ಫಾರ್ಮ್‌ನಲ್ಲಿ ಇದ್ದದ್ದು ಎರಡೇ ಕಾಲಂ. ಫೋನ್ ತೆಗೆದರು, ಫೋನ್ ತೆಗೆಯಲಿಲ್ಲ. ನಾನು ‘ಫೋನ್ ತೆಗೆದರು’ ಅಂತ ಟಿಕ್ ಹಾಕಿದೆ. ಅವತ್ತಿನಿಂದ ನನ್ನದೇ ಒಂದು ನೋಟ್‌ಬುಕ್ ಇಟ್ಟುಕೊಂಡು ಆ ಹೆಸರುಗಳನ್ನು ಬರೆದುಕೊಂಡೆ. ಮೂವತ್ತೊಂದು ಹೆಸರಿವೆ. ಕೆಲಸ ಏನು ಅಂತ ಗೊತ್ತಾದವರದ್ದು ಅದನ್ನೂ ಬರೆದಿದ್ದೇನೆ. ಇಬ್ಬರು ಆಟೊ ಓಡಿಸುತ್ತಿದ್ದವರು.

ಅಪ್ಪನ ಹೆಸರನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸು. ಇಲ್ಲಿ ಅಚ್ಚು ಹಾಕುವುದಿಲ್ಲ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ. ಕಚೇರಿಗೆ ಒಬ್ಬಳೇ ಹೋಗೋಕೆ ಭಯ ಆದರೆ ಅದನ್ನೂ ಬರಿ. ಶನಿವಾರ ಮಧ್ಯಾಹ್ನದ ಮೇಲೆ ನನಗೆ ಬಿಡುವಿರುತ್ತೆ, ಕಾಗದಗಳನ್ನೆಲ್ಲ ಜೋಡಿಸಿಕೊಡುತ್ತೇನೆ.

ಪ್ರಶ್ನೆ: ಮಿಸ್, ನಾನು ಏಳನೇ ಕ್ಲಾಸ್. ಜನವರಿ 31ಕ್ಕೆ ಸ್ಕೂಲ್ ಮತ್ತೆ ಶುರುವಾಯ್ತು. ಮೊದಲು ಖೋ ಖೋದಲ್ಲಿ ನನ್ನನ್ನ ಯಾರೂ ಹಿಡಿಯೋಕೆ ಆಗ್ತಿರಲಿಲ್ಲ. ಈಗ ಎರಡು ರೌಂಡ್‌ಗೇ ಸುಸ್ತಾಗುತ್ತೆ. ಕಾಲು ನೋಯುತ್ತೆ. ನನಗೆ ಕೊರೊನಾನೂ ಬಂದಿಲ್ಲ.
— ಪೀಣ್ಯ

ಉತ್ತರ: ಪುಟ್ಟಿ, ನಿನ್ನ ಕ್ಲಾಸಲ್ಲಿ ಎಲ್ಲರಿಗೂ ಹಾಗೇ ಆಗಿರುತ್ತೆ. ಕೇಳಿ ನೋಡು. ಎರಡು ವರ್ಷ ಮೊಬೈಲ್ ಮುಂದೆ ಕೂತಿದ್ದ ಕಾಲುಗಳು ಅವು. ಮನೆಯ ಮುಂದೆ ದಿನಾ ಹತ್ತು ನಿಮಿಷ ಕುಂಟೆಬಿಲ್ಲೆ ಆಡು, ಆಮೇಲೆ ಹಗ್ಗದಾಟ 30 ಸಲ. ವಾರಕ್ಕೆ ಹತ್ತು ಹತ್ತು ಜಾಸ್ತಿ ಮಾಡು. ಬೆಳಗ್ಗೆ ತಿಂಡಿ ಬಿಡಬೇಡ. ಒಂದು ತಿಂಗಳಾದ ಮೇಲೆ ಖೋ ಖೋದಲ್ಲಿ ಎಷ್ಟು ಹೊತ್ತು ಸಿಗದೆ ಓಡಿದೆ ಅಂತ ನನಗೆ ಬರೆದು ಕಳಿಸು.

ಕಾಲು ನೋವಿಗೆ ಮೊದಲು ನಿನ್ನ ಶೂ ನೋಡು. ಹೆಬ್ಬೆರಳು ಮುಂದೆ ತಾಗ್ತಾ ಇದ್ರೆ ಅಮ್ಮಂಗೆ ಹೇಳು. ಈ ಎರಡು ವರ್ಷದಲ್ಲಿ ಕಾಲು ಬೆಳೆದಿರುತ್ತೆ.